ಟ್ರಾಂಬೆಯ ಶೇಂಗಾ

ಮುಂಬಯಿಯ ಪೂರ್ವದಂಚಿನಲ್ಲಿ, ಬಂದರಿನ ಕೊಲ್ಲಿಗೆ ಅಭಿಮುಖವಾದ ಟ್ರಾಂಬೆಯ ಗುಡ್ಡಗಳ ಅಡಿಯಲ್ಲಿ 1954ರಲ್ಲಿ ಹೋಮಿ ಭಾಭಾ ಅವರ ನೇತೃತ್ವದಲ್ಲಿ ಸ್ಥಾಪಿತವಾದ ಪರಮಾಣು ಸಂಸ್ಥೆಯ ಹೆಸರೆತ್ತಿದೊಡನೆ ಜನರ ಮನಸ್ಸಿಗೆ ಬರುವುದು ಎರಡು ವರ್ಷಗಳ ನಂತರ ಚಾಲನೆಗೊಂಡ ಅಪ್ಸರಾ ರಿಯಾಕ್ಟರು. ಶೇಂಗಾದ ಗಿಡವನ್ನು ನೆನೆಯುವವರು ವಿರಳ. ಬಿತ್ತಲು ಗೇಣು ನೆಲವೂ ದುರ್ಲಭವಾದ ಈ ಮಹಾನಗರದಿಂದ ದಖ್ಖನದ ಒಣಹೊಲಗಳಿಗೆ ಬಿತ್ತನೆಯ ಬೀಜವು ಹೋಯಿತೆಂಬುದು ನಂಬಲು ಕಷ್ಟವೇ ಸರಿ.

ಕ್ಷಕಿರಣಗಳು ಜೀವಿಗಳ ಆನುವಂಶಿಕ ಗುಣವನ್ನು ಮಾರ್ಪಡಿಸಬಲ್ಲವೆಂದು 1927ರಲ್ಲಿ ವಿಜ್ಞಾನಿ ಮುಲ್ಲರ್ ಹಣ್ಣುನೊಣಗಳಲ್ಲಿಯೂ, ಮರುವರ್ಷ ಸ್ಟ್ಯಾಡ್ಲರ್ ಜವೆಗೋದಿಯಲ್ಲಿಯೂ ತೋರಿಸಿದ್ದರು. ಇದೇ ಕಿರಣಗಳಿಗೆ ಒಡ್ಡಲು ಟ್ರಾಂಬೆಯವರು ‘ಸ್ಪ್ಯಾನಿಷ್ ಇಂಪ್ರೂವ್ಡ್’ ಎಂಬ ಶೇಂಗಾ ತಳಿಯ ಬೀಜಗಳನ್ನು ಆರಿಸಿಕೊಂಡರು. ಕಿರಣ ತಾಗಿದ ಬೀಜದಲ್ಲಿ ಮೊದಲು ಕಾಣಿಸುವುದೆಲ್ಲ ಕೇಡೇ: ಮೊಳಕೆ ತಡವಾಗುತ್ತದೆ, ಸಸಿ ಗಿಡ್ಡವಾಗುತ್ತದೆ, ಎಲೆಯಲ್ಲಿ ಬಿಳಿಯ ಪಟ್ಟೆಗಳೇಳುತ್ತವೆ, ಪ್ರಮಾಣ ಮೀರಿದರೆ ಬೀಜವೇ ಸಾಯುತ್ತದೆ. ರೈತನು ಕಿತ್ತೆಸೆಯುವಂಥ ಈ ಬಡಸಸಿಗಳನ್ನೇ ತಳಿವಿಜ್ಞಾನಿಯು ಜೋಪಾನದಿಂದ ಬೆಳೆಸಿ, ಗಿಡಗಿಡದ ಬೀಜವನ್ನೂ ಪ್ರತ್ಯೇಕವಾಗಿ ಕೂಡಿಟ್ಟು ಮತ್ತೆ ಬಿತ್ತುವುದಕ್ಕೆ ಕಾರಣವುಂಟು. ಆ ಕುಬ್ಜತೆಯ ಬಹುಭಾಗ ಕೇವಲ ದೇಹಕ್ಕೆ ಬಿದ್ದ ಪೆಟ್ಟಾಗಿದ್ದು ಸಂತತಿಗೆ ಇಳಿಯುವುದಿಲ್ಲ, ಇಳಿಯತಕ್ಕ ಮಾರ್ಪಾಟುಗಳಾದರೋ ಬಹುಮಟ್ಟಿಗೆ ಅಪ್ರಬಲವಾದುದರಿಂದ ಎರಡನೆಯ ತಲೆಮಾರಿನವರೆಗೆ ಅಡಗಿಯೇ ಇರುತ್ತವೆ. ಹೀಗೆ ತಲೆಮಾರುಗಳನ್ನು ಕಾದು ಆರಿಸಿದ, ದಪ್ಪಕಾಳಿನ ಟಿಜಿ-1 ತಳಿಯು 1973ರಲ್ಲಿ ‘ವಿಕ್ರಮ್’ ಎಂಬ ಹೆಸರಿನಿಂದ ರೈತರ ಕೈಸೇರಿತು. ಆಗ ಟ್ರಾಂಬೆಯ ಸಂಸ್ಥೆಯ ನಿರ್ದೇಶಕರಾಗಿದ್ದವರು ನಮ್ಮ ರಾಜಾ ರಾಮಣ್ಣನವರೆಂಬುದು ಕನ್ನಡಿಗರಿಗೆ ಹಿತವಾದ ಸಂಗತಿಯಾದರೂ, ಈ ವಿಷಯದಲ್ಲಿ ಕೀರ್ತಿ ಸಲ್ಲಬೇಕಾದುದು ಬಿಸಿಲಿನಲ್ಲಿ ಬಾಗಿ ಸಸಿಗಳನ್ನೆಣಿಸಿದವರಿಗೆ.

ಮುಂದೆ ಇಂಥ ಮಾರ್ಪಟ್ಟ ತಳಿಗಳನ್ನು ಪರಸ್ಪರ ಸಂಕರಗೊಳಿಸುವ ಕ್ರಮವೂ ಬೆಳೆಯಿತು. ಅಕೋಲದ ಕೃಷಿ ವಿದ್ಯಾಪೀಠದ ಸಹಯೋಗದಲ್ಲಿ ರೂಪುಗೊಂಡು 1991ರಲ್ಲಿ ಬಿಡುಗಡೆಯಾದ ಗಿಡ್ಡ ಜಾತಿಯ ಟಿಎಜಿ-24 ದೇಶದಲ್ಲೆಲ್ಲ ಹರಡಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದೊಡನೆ ಕೂಡಿ ರೂಪಿಸಿದ ಟಿಡಿಜಿ-39 ಬಂದಿತು.

ಈಚೆಗೆ ಶೇಂಗಾದ ಬೀಜವನ್ನೇ ಬೇರೊಂದು ಬಗೆಯಲ್ಲಿ ಸಂಸ್ಕರಿಸುವ ಪ್ರಯತ್ನ ನಡೆದಿದೆ. 2012ರಲ್ಲಿ ಪ್ರಕಟವಾದ ತಿರುಪತಿಯ ಪ್ರಯೋಗವೊಂದರಲ್ಲಿ, 25 ನ್ಯಾನೊಮೀಟರ್‌ನಷ್ಟು ಸೂಕ್ಷ್ಮವಾದ ಸತುವಿನ ಆಕ್ಸೈಡ್ ಕಣಗಳನ್ನು ಲೀಟರ್ ನೀರಿಗೆ 1 ಗ್ರಾಮಿನಂತೆ ಕೊಟ್ಟಾಗ ಶೇಂಗಾದ ಮೊಳಕೆಯೂ ಸಸಿಯ ಕಸುವೂ ಹೆಚ್ಚಿದವು. 2 ಗ್ರಾಮಿಗೇರಿಸಿದಾಗ ಬೆಳವಣಿಗೆ ಕುಂಠಿತವಾಯಿತು. ಮಿತಿಯ ವಿಚಾರದಲ್ಲಿ ಕಿರಣಕ್ಕೂ ಕಣಕ್ಕೂ ಸಾಮ್ಯವಿರುವಂತೆ ತೋರಿದರೂ, ಕಣವು ಗಿಡಕ್ಕೆ ಉಣಿಸಿದ ಆಹಾರವಾದುದರಿಂದ ಪ್ರತಿ ಬಿತ್ತನೆಗೂ ಮತ್ತೆ ಕೊಡಬೇಕಾಗುತ್ತದೆ. ಟ್ರಾಂಬೆಯ ಬೀಜವನ್ನಾದರೋ ರೈತನು ತನ್ನ ಕಣದಲ್ಲಿಯೇ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು.