ಎಳೆ ಎಣಿಸಿದವರ ಲೆಕ್ಕ

ಕಸೂತಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಚಾಲುಕ್ಯರಿಂದ ಆರಂಭಿಸುತ್ತಾರೆ. ನನಗೆ ಆ ಧೈರ್ಯವಿಲ್ಲ. ಬಾದಾಮಿಯ ಗುಹೆ ಉಳಿದಂತೆ ಅಂದಿನ ಸೀರೆ ಉಳಿಯುವುದಿಲ್ಲ. ಬಟ್ಟೆಯ ಇತಿಹಾಸಕಾರನಿಗೆ ಗೆದ್ದಲು, ಬೆವರು, ಬಿಸಿಲು ಮೂರೂ ಶತ್ರುಗಳು. ನಮ್ಮ ಬಾಳೆಲೆಯ ಮಳೆಗಾಲವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ರೇಷ್ಮೆಯೂ ಬೂಷ್ಟು ಹಿಡಿಯುವ ಊರು ನಮ್ಮದು.

ನನ್ನ ಕುತೂಹಲ ಬೇರೆಯದು. ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಯ ಹೆಂಗಸರು ಕಾಗದವಿಲ್ಲದೆ, ಪೆನ್ಸಿಲಿಲ್ಲದೆ, ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆಯದೆ ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತುಳಸಿಕಟ್ಟೆಗಳನ್ನು ಸೀರೆಯ ಮೇಲೆ ಮೂಡಿಸಿದರಷ್ಟೆ. ಆ ಯೋಜನೆ ಎಲ್ಲಿ ನಡೆಯುತ್ತಿತ್ತು? ತಾಯಿಯ ಸೆರಗನ್ನು ಮಗಳು ಮುಂದಿಟ್ಟುಕೊಂಡು, ಹಾಸು ಹೊಕ್ಕಿನ ಎಳೆಗಳನ್ನು ಬೆರಳ ತುದಿಯಲ್ಲಿ ಎಣಿಸಿ ಕಲಿಯುತ್ತಿದ್ದಳು. ಜನಗಣತಿಯಲ್ಲಿ ನಿರಕ್ಷರಿಗಳೆಂದು ಬರೆಸಿಕೊಂಡ ಎಷ್ಟೋ ಮಂದಿ ಈ ಲೆಕ್ಕದಲ್ಲಿ ತಪ್ಪುತ್ತಿರಲಿಲ್ಲ. ಒಂದು ಎಳೆ ತಪ್ಪಿದರೆ ಗೋಪುರದ ಎಡಮೈಗೂ ಬಲಮೈಗೂ ಹೊಂದಾಣಿಕೆ ಉಳಿಯುವುದಿಲ್ಲ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ನೇಗಿ ಎಂಬುದು ನೇಯ್ದಂತೆ ಕಾಣುತ್ತದೆ. ಮೆಂತೆ ಎಂಬುದು ಅಡ್ಡಹೊಲಿಗೆ, ಮೆಂತ್ಯದ ಕಾಳನ್ನು ನೆನಪಿಸುತ್ತದೆ. ಇವೆರಡನ್ನು ಇಲ್ಲಿಗೇ ಬಿಡುತ್ತೇನೆ. ಗವಂತಿ ಮತ್ತು ಮುರಗಿಯಲ್ಲಿಯೇ ಇದರ ಸೋಜಿಗವಿದೆ. ಗವಂತಿ ನೇರವಾಗಿ ಸಾಗುತ್ತದೆ, ಮುರಗಿ ಮೆಟ್ಟಿಲಿನಂತೆ ತಿರುತಿರುಗಿ ಏರುತ್ತದೆ. ಎರಡರಲ್ಲಿಯೂ ಬಟ್ಟೆಯ ಮೇಲ್ಮೈ, ಒಳಮೈ ಒಂದೇ ರೀತಿ ಕಾಣಬೇಕು. ಗಂಟು ಎಲ್ಲಿಯೂ ಕಾಣಬಾರದು. ಸೂಜಿ ಒಂದು ಹೊಲಿಗೆಯನ್ನು ಮೇಲೆ, ಮುಂದಿನದನ್ನು ಕೆಳಗೆ ಹಾಕುತ್ತ ಹೋಗುತ್ತದೆ. ಮರಳುವಾಗ ಅದೇ ದಾರಿಯಲ್ಲಿ ಖಾಲಿ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ.

ನೇರ ಗೆರೆಗೆ ಇದು ಸುಲಭ. ಆದರೆ ತೇರಿಗೆ ಗಾಲಿಯಿದೆ, ಕಳಸವಿದೆ, ಎರಡು ಬದಿಗೆ ಬಾವುಟಗಳಿವೆ. ನಡುವೆ ಕವಲು ಬಂದಾಗ ಏನು ಮಾಡಬೇಕು? ಅನುಭವಸ್ಥರು ಮುಖ್ಯ ದಾರಿಯನ್ನು ನಿಲ್ಲಿಸಿ, ಕವಲಿನ ತುದಿಯವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಬಳಿಕ ಮುಂದೆ ಸಾಗುತ್ತಾರೆ. ಕವಲಿಗೆ ಹೋಗಲು 7 ಹೊಲಿಗೆ ಬೇಕಾದರೆ ಮರಳಲೂ 7 ಬೇಕು, ಒಟ್ಟು 14. ಕವಲು ಎಷ್ಟೇ ಉದ್ದವಿರಲಿ, ಹೋಗಿಬರುವ ಮೊತ್ತ ಯಾವಾಗಲೂ ಸಮಸಂಖ್ಯೆಯೇ. ಆದ್ದರಿಂದ ಮುಖ್ಯ ದಾರಿಗೆ ಬಂದಾಗ ಸೂಜಿ ಹೊರಟ ಮಗ್ಗುಲಿಗೇ ಬಂದಿರುತ್ತದೆ, ಮೇಲೆ ಕೆಳಗಿನ ಸರದಿ ಕೆಡುವುದಿಲ್ಲ. ನನ್ನ ವಿಷಯ ಸಮಾಜವಿಜ್ಞಾನವಾದರೂ ಈ ಲೆಕ್ಕ ಅರ್ಥವಾದ ದಿನ ನಾನು ಬಹಳ ಹೊತ್ತು ಸಂತೋಷಪಟ್ಟೆ.

ಗಣಿತಜ್ಞ ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಬಾರಿ ದಾಟಿ ಬರಲಾಗದೆಂದು ತೋರಿಸಿದನು. ಪ್ರತಿ ಸೇತುವೆಯನ್ನು ಎರಡು ಬಾರಿ ದಾಟಬಹುದಾದರೆ ತೊಡಕೇ ಇಲ್ಲ. ಹೊರಟಲ್ಲಿಗೇ ಬಂದು ಸೇರಬಹುದು. ಗವಂತಿಯ ಹೆಂಗಸು ಮಾಡುವುದೂ ಅದನ್ನೇ: ಪ್ರತಿ ಗೆರೆಯ ಮೇಲೆ ಎರಡು ಸಲ ನಡೆಯುತ್ತಾಳೆ. ಆಕೆ ಆಯ್ಲರನ ಹೆಸರನ್ನು ಕೇಳಿರಲಿಲ್ಲ. ಆಯ್ಲರನೂ ಆಕೆಯ ಸೀರೆಯನ್ನು ಕಂಡಿರಲಿಲ್ಲ.

ಇದೇ ಹೊಲಿಗೆ ಯುರೋಪಿನಲ್ಲಿಯೂ ಇತ್ತು. 1543ರಲ್ಲಿ ತೀರಿಕೊಂಡ ಚಿತ್ರಕಾರ ಹೋಲ್ಬೈನನ ಭಾವಚಿತ್ರಗಳಲ್ಲಿ ಅಂಗಿಯ ತೋಳಿನ ಅಂಚಿಗೆ ಈ ಕೆಲಸ ಕಾಣುವುದರಿಂದ ಅದಕ್ಕೆ ಹೋಲ್ಬೈನ್ ಹೊಲಿಗೆಯೆಂದೇ ಹೆಸರು. ಆದರೆ ಅಲ್ಲಿ 1520ರ ದಶಕದಲ್ಲಿಯೇ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕಸೂತಿಯ ಮಾದರಿ ಪುಸ್ತಕ ಅಚ್ಚಾಯಿತು. ನಮ್ಮಲ್ಲಿ ಸೀರೆಯೇ ಪುಸ್ತಕ. ಅದು ಹರಿದರೆ ಪುಟವೂ ಹೋಯಿತು. ಮದುವೆಗೆಂದು ಮಾಡಿಸುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಗಳು ಎಷ್ಟು ಮನೆಗಳಲ್ಲಿ ಕೊನೆಗೆ ಕೌದಿಯ ಪದರಗಳಾದುವೋ!

ಮುಂದೆ ಶಾಲೆಗಳಿಗೆ ಮ್ಯಾಟಿ ಬಟ್ಟೆ ಬಂತು, ಚೌಕುಳಿ ಕಾಗದ ಬಂತು, ಅಚ್ಚಾದ ಗುಲಾಬಿ ಹೂವಿನ ಮಾದರಿಗಳು ಬಂದವು. ಕಲಿಯುವುದು ಸುಲಭವಾಯಿತೆಂಬುದು ನಿಜ. ಆದರೆ ಹುಡುಗಿಯರು ಚೌಕ ಎಣಿಸಿ ನಕಲು ಮಾಡಿದರೇ ಹೊರತು ಯೋಜಿಸಲಿಲ್ಲ. ಹುಡುಗರನ್ನು ತೋಟದ ಕೆಲಸಕ್ಕೆ, ಹುಡುಗಿಯರನ್ನು ಹೊಲಿಗೆಗೆ ಕಳುಹಿಸಿದ ನಮ್ಮ ಕ್ರಮವು ಇಬ್ಬರಿಗೂ ಅನ್ಯಾಯ ಮಾಡಿತೆಂದು ನನ್ನ ಅಭಿಪ್ರಾಯ. ಗಣಿತದಲ್ಲಿ ಚುರುಕಾಗಿದ್ದ ಹುಡುಗನಿಗೆ ಈ ಲೆಕ್ಕ ಸಿಗಲಿಲ್ಲ. ಹೊಲಿಗೆಯಲ್ಲಿ ಚುರುಕಾಗಿದ್ದ ಹುಡುಗಿಗೆ ತಾನು ಮಾಡುತ್ತಿರುವುದು ಗಣಿತವೆಂದು ಯಾರೂ ಹೇಳಲಿಲ್ಲ. ಇಂದು ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆ ಮಾನ್ಯತೆ ಹೆಸರನ್ನು ಕಾಪಾಡೀತು, ಎಣಿಸುವ ಬೆರಳನ್ನು ಕಾಪಾಡಲಾರದು.

ಇಷ್ಟೆಲ್ಲ ಬರೆಯಲು ಕಾರಣ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ಮಗಳ ಮದುವೆಗೆ ಮೇಜಿನ ಹಾಸೊಂದಕ್ಕೆ ತನ್ನದೇ ವಿನ್ಯಾಸದ ಅಂಚು ಹೊಲಿಯಬೇಕಂತೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದಾಳೆ. ಅಮ್ಮಾ, ಬಣ್ಣದಿಂದ ಆರಂಭಿಸಬೇಡ, ಬಟ್ಟೆಯಿಂದ ಆರಂಭಿಸು. ಇಂಚಿಗೆ 11 ಚೌಕಗಳಿರುವ ಮ್ಯಾಟಿ ಬಟ್ಟೆ, ಉದ್ದ 36 ಇಂಚು ಎಂದಿಟ್ಟುಕೊಂಡರೆ 396 ಚೌಕಗಳಾಯಿತು. ನಿನ್ನ ಕಳಸ 20 ಚೌಕ ಅಗಲವಿರಲಿ. ಸರಿಯಾಗಿ ನಡುವಿನಲ್ಲಿ ಒಂದು ಕಳಸ ಬರಬೇಕಾದರೆ ಬೆಸಸಂಖ್ಯೆ ಬೇಕು. 15 ಕಳಸಗಳಿಗೆ 300 ಚೌಕ. ಉಳಿದ 96ನ್ನು ನಡುವಿನ 14 ಸಂದುಗಳಿಗೂ ಎರಡು ತುದಿಗಳಿಗೂ ಹಂಚಿದರೆ ಪ್ರತಿಯೊಂದಕ್ಕೂ 6 ಚೌಕ. ಒಂದು ಚೌಕವೂ ಮಿಗುವುದಿಲ್ಲ. ಮಡಿಚಿ ಹೊಲಿಯುವ ಬಟ್ಟೆಯನ್ನು ಇದರ ಹೊರಗೆ ಬೇರೆಯಾಗಿ ಬಿಟ್ಟುಕೋ.

ಹೊಲಿಯಲು ಆರಂಭಿಸುವುದು ತುದಿಯಿಂದಲ್ಲ, ನಡುವಿನಿಂದ. ಬಟ್ಟೆಯನ್ನು ಎರಡಾಗಿ ಮಡಚಿ ಮಧ್ಯವನ್ನು ಗುರುತಿಸಿದರೆ ಎಣಿಕೆಯಲ್ಲಿ ತಪ್ಪಿದ್ದು ಬೇಗ ತಿಳಿಯುತ್ತದೆ. ಇಳಕಲ್ ಸೀರೆಯ ಹೆಂಗಸರು ದೊಡ್ಡ ಗೋಪುರ, ತೇರುಗಳನ್ನು ಸೆರಗಿನ ಬಳಿ ಇಟ್ಟು, ದೂರ ಸರಿದಂತೆ ಚಿಕ್ಕ ಚಿತ್ರಗಳನ್ನು ಚೆಲ್ಲುತ್ತಿದ್ದರು. ಕಣ್ಣಿಗೆ ಮೊದಲು ಬೀಳುವುದು ಯಾವುದೆಂದು ಅವರಿಗೆ ಗೊತ್ತಿತ್ತು. ನೀನೂ ಹಾಸಿನ ಎರಡು ತುದಿಗಳಲ್ಲಿ, ಮೇಜಿನಿಂದ ಕೆಳಗೆ ಇಳಿಬೀಳುವ ಕಡೆ, ದೊಡ್ಡದೊಂದು ಚಿತ್ರ ಇಡಬಹುದು. ಕೊಡಗಿನವಳಾದ್ದರಿಂದ ಚೇಲೆಯ ಕೆಂಪು ನಿನಗೆ ಹೇಗೂ ನೆನಪಿಗೆ ಬಂದೀತು. ಬಿಳಿಯ ಬಟ್ಟೆಯ ಮೇಲೆ ಆ ಒಂದೇ ಬಣ್ಣ ಸಾಕು. ಹೊಲಿಯುವ ಮೊದಲು ಕೆಂಪು ನೂಲನ್ನು ನೀರಿನಲ್ಲಿ ನೆನೆಸಿ, ಬಿಳಿಯ ಚಿಂದಿಯೊಂದರ ಮೇಲೆ ಒತ್ತಿ, ಬಣ್ಣ ಬಿಡುವುದೋ ಇಲ್ಲವೋ ನೋಡಿಕೋ.