ಒಂದು ಕೈ, ಇಬ್ಬರು ಯಜಮಾನರು

ಕಳೆದ ಶನಿವಾರ ಸೋಂಪುರದ ನಮ್ಮ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಸೋಮವಾರ ಡೆಮೋ ಇತ್ತು. ಸ್ಕೂಲ್ ಬ್ಯಾಗಿನ ಪಟ್ಟಿ ಹಿಡಿದು ನಡೆಯುತ್ತಿರುವ ಹುಡುಗ ಅದೇ ಬಲಗೈ ಎತ್ತಿ ಟಾಟಾ ಮಾಡಬೇಕು, ಅಷ್ಟೇ ಕೆಲಸ. ನಡೆಯೋದು ಒಂದು ಲೇಯರ್, ಟಾಟಾ ಮಾಡೋದು ಅದರ ಮೇಲೆ ಇನ್ನೊಂದು ಲೇಯರ್. ಬೇರೆ ಬೇರೆ ಓಡಿಸಿದರೆ ಎರಡೂ ಚೆನ್ನಾಗಿವೆ. ಒಟ್ಟಿಗೆ ಓಡಿಸಿದರೆ ಕೈ ಸೀದಾ ತಲೆಯೊಳಗೆ! ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಅಜ್ಜಿ ಮಾತ್ರ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಆ ಕೈನ ಆಡಿಸ್ತಿರೋರು ಯಾರಪ್ಪಾ?" ಅಂದರು.

ಅಜ್ಜಿ ಕೇಳಿದ್ದು ಸರಿಯಾಗೇ ಇತ್ತು. ಒಂದೇ ಕೈಯನ್ನು ಇಬ್ಬರು ಆಡಿಸುತ್ತಿದ್ದರು. ಆಮೇಲೆ ಯೋಚಿಸಿದರೆ, ಈ ಜಗಳ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು ಅನ್ನಿಸಿತು.

ಅಜ್ಜಿಗೆ ತೆರೆಯ ಮೇಲೆ ಆಡುವ ಗೊಂಬೆ ಅಂದರೆ ತೊಗಲು ಗೊಂಬೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಕೊರೆದು, ಬಣ್ಣ ಹಚ್ಚಿ, ಬಿದಿರು ಕಡ್ಡಿಗೆ ಕಟ್ಟಿ, ದೀಪದ ಮುಂದೆ ಪರದೆಗೆ ಒತ್ತಿ ಆಡಿಸುವ ಕಲೆ. ತಲೆತಲಾಂತರದಿಂದ ಇದನ್ನು ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತರು. ಎಂ.ಎಸ್. ನಂಜುಂಡರಾವ್ ಅವರು ಸಂಗ್ರಹಿಸಿದ ಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ, ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ.

ಬೆಳಕು ಹಾಯುವುದೇ ಈ ಗೊಂಬೆಗಳ ಸೊಗಸು, ಅದೇ ತೊಂದರೆ ಕೂಡ. ಒಂದರ ಮೇಲೊಂದು ಬಂದರೆ ಬಣ್ಣ ಬೆರೆತು ಕಪ್ಪಾಗುತ್ತೆ. ಹಿಂದಿನದು ಪರದೆಯಿಂದ ದೂರವಾಗಿ ಮಸುಕಾಗುತ್ತೆ. ನಮ್ಮ ಕರ್ನಾಟಕದ ಗೊಂಬೆಗಳಲ್ಲಿ ಹಲವಾರು ಜನರಿರುವ ಇಡೀ ದೃಶ್ಯವನ್ನೇ ಒಂದೇ ತೊಗಲಿನಲ್ಲಿ ಕೊರೆದಿರುವುದುಂಟು. ಅವರ ಕಾರಣ ಏನೇ ಇರಲಿ, ನನ್ನಂಥ ಪ್ರೋಗ್ರಾಮರ್ ಕಣ್ಣಿಗೆ ಅದು ಜಗಳ ಬಗೆಹರಿಸಿದ ಹಾಗೇ ಕಾಣುತ್ತೆ. ಪದರವೇ ಇಲ್ಲ ಅಂದಮೇಲೆ ಜಗಳ ಎಲ್ಲಿಂದ? ಆದರೆ ಆ ತೊಗಲಿನಲ್ಲಿರುವ ಯಾರೂ ತಮ್ಮಷ್ಟಕ್ಕೆ ಕೈ ಎತ್ತುವಂತಿಲ್ಲ.

ಸಿನಿಮಾದವರದ್ದೂ ಇದೇ ಕಥೆ. 1914ರಲ್ಲಿ ವಿನ್ಸರ್ ಮೆಕೇ 'ಗರ್ಟೀ' ಅನ್ನೋ ಡೈನೋಸಾರ್ ಚಿತ್ರ ಮಾಡಿದಾಗ ಪ್ರತಿಯೊಂದು ಹಾಳೆಯಲ್ಲೂ ಹಿಂದಿನ ಬೆಟ್ಟ, ಕಲ್ಲುಗಳನ್ನು ಮತ್ತೆ ಮತ್ತೆ ಬರೆಯಬೇಕಾಗಿತ್ತು. ಅದೇ ವರ್ಷ ಅರ್ಲ್ ಹರ್ಡ್ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಉಪಾಯಕ್ಕೆ ಪೇಟೆಂಟ್ ಕೇಳಿದರು, 1915ರಲ್ಲಿ ಸಿಕ್ಕಿತು. ಮೈ ಒಂದು ಹಾಳೆಯಲ್ಲಿ, ಅಲ್ಲಾಡುವ ಕೈ ಇನ್ನೊಂದರಲ್ಲಿ. ಇವತ್ತಿನ ಲೇಯರ್ ಅನ್ನೋ ಪದದ ಮೂಲ ಪುರುಷ ಇದೇ ಅಂತ ನನ್ನ ಲೆಕ್ಕ. ಆದರೆ ಆ ಹಾಳೆ ಪೂರ್ತಿ ಪಾರದರ್ಶಕ ಅಲ್ಲ. ಮೇಲೊಂದು ಹಾಳೆ ಬಂದ ಕೂಡಲೇ ಕೆಳಗಿನ ಬಣ್ಣ ಚೂರು ಮಂಕಾಗುತ್ತಿತ್ತು. ಅದಕ್ಕೆ ಕೆಳಗಿನ ಹಾಳೆಗೆ ಬಣ್ಣ ಹೊಂದಿಸಿ ಹಚ್ಚುತ್ತಿದ್ದರು, ಕೈ ಹಾಳೆ ಬೇಡವಾದಾಗ ಅದರ ಜಾಗದಲ್ಲಿ ಒಂದು ಖಾಲಿ ಹಾಳೆ ಇಡುತ್ತಿದ್ದರು. ಏನೂ ಇಲ್ಲದ ಲೇಯರ್, ಬರೀ ಲೆಕ್ಕ ತಪ್ಪದಿರಲಿ ಅಂತ! ಇದನ್ನು ಮೊದಲು ಓದಿದಾಗ, ನಾನೂ ಎಷ್ಟು ಸಲ ಹೀಗೆ ಖಾಲಿ ಲೇಯರ್ ಇಟ್ಟು ಬಗ್ ಮುಚ್ಚಿದ್ದೀನಿ ಅಂತ ನೆನೆದು ನಗು ಬಂತು.

ಇನ್ನು ಕಂಪ್ಯೂಟರ್ ಆಟಗಳಿಗೆ ಬರೋಣ. 1999ರ 'ಕ್ವೇಕ್ 3' ಆಡಿದವರು ಇರಬಹುದು (ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಎಷ್ಟು ರಾತ್ರಿ ಹೋದವೋ...). ಅದರಲ್ಲಿ ಆಟಗಾರನ ಮೈಯನ್ನೇ ಮೂರು ತುಂಡು ಮಾಡಿದ್ದರು. ತಲೆ, ಸೊಂಟದ ಮೇಲಿನ ಭಾಗ, ಕಾಲು. ಕಾಲು ಓಡುತ್ತಿದ್ದರೂ ಕೈ ತನ್ನ ಪಾಡಿಗೆ ಗುಂಡು ಹಾರಿಸಬಹುದು. ಆಸ್ತಿ ಪಾಲು ಮಾಡಿಕೊಂಡ ಅಣ್ಣ ತಮ್ಮಂದಿರ ಹಾಗೆ. ಸಾಯುವಾಗ ಮಾತ್ರ ಈ ಪಾಲು ನಡೆಯೋಲ್ಲ. ಕಾಲು ಬಿದ್ದು ಮೇಲಿನ ಮೈ ನಿಂತಿದ್ದರೆ ಹೇಗೆ? ಅದಕ್ಕೇ ಸಾವಿನ ಅನಿಮೇಶನ್‌ಗಳನ್ನು ಕಾಲಿಗೂ ಮೈಗೂ ಸೇರಿಸಿ ಒಟ್ಟಿಗೇ ಇಟ್ಟಿದ್ದರು. ಮತ್ತೆ ಅದೇ ಒಂದೇ ತೊಗಲು.

ಅದಕ್ಕೂ ಮೂರು ವರ್ಷ ಮೊದಲೇ, 1996ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆನ್ ಪರ್ಲಿನ್ ಮತ್ತು ಅಥೋಮಸ್ ಗೋಲ್ಡ್‌ಬರ್ಗ್ 'ಇಂಪ್ರಾವ್' ಅನ್ನೋ ಪ್ರಬಂಧದಲ್ಲಿ ಈ ಜಗಳಕ್ಕೆ ಕಾನೂನನ್ನೇ ಬರೆದಿದ್ದರು. ಚಲನೆಗಳನ್ನು ಗುಂಪು ಮಾಡಿ. ಒಂದೇ ಗುಂಪಿನಲ್ಲಿ ಒಂದಕ್ಕೆ ಬಲ ಬಂದರೆ ಉಳಿದವು ಇಳಿಯಬೇಕು. ಬೇರೆ ಗುಂಪಾದರೆ ಮುಂದಿನದು ಹಿಂದಿನದನ್ನು ಮುಚ್ಚಬೇಕು, ಚಿತ್ರದ ಮೇಲೆ ಚಿತ್ರ ಇಟ್ಟ ಹಾಗೆ. ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಬೆನ್ನ ಹಿಂದೆ ಕಟ್ಟಿದ ಕೈ ಎದೆಯ ಮುಂದೆ ಬರಬೇಕಾದರೆ ನೇರವಾಗಿ ಬೆರೆಸಬೇಡಿ, ಕೈ ಹೊಟ್ಟೆಯೊಳಗಿಂದ ಹಾದುಬರುತ್ತೆ. ಮೊದಲು ಕೈ ಪಕ್ಕಕ್ಕೆ ಇಳಿಯಲಿ, ಆಮೇಲೆ ಮುಂದೆ ಬರಲಿ.

ನಾವೀಗ ಬಳಸುವ ತಂತ್ರಾಂಶಗಳಲ್ಲಿ ಇದೆಲ್ಲ ಸಿದ್ಧವಾಗೇ ಇದೆ. 'ಮಾಯಾ'ಕ್ಕೆ ಅದರ 2009 ಎಂಬ ಆವೃತ್ತಿಯಲ್ಲಿ ಅನಿಮೇಶನ್ ಲೇಯರ್ ಬಂತು, 2012ರ 'ಯೂನಿಟಿ 4' ಜೊತೆ ಮೆಕಾನಿಮ್ ಬಂತು. ಯಾವ ಲೇಯರಿಗೆ ಯಾವ ಮೂಳೆ ಅಂತ ಮಾಸ್ಕ್ ಹಾಕಬಹುದು. ಕೆಳಗಿನದನ್ನು ಪೂರ್ತಿ ಮುಚ್ಚುವ ಓವರ್‌ರೈಡ್ ಇದೆ, ಕೆಳಗಿನದಕ್ಕೆ ಕೂಡಿಸುವ ಅಡಿಟಿವ್ ಇದೆ. ಕೂಡಿಸೋದು ಭಂಗಿಯನ್ನಲ್ಲ, ಒಂದು ಮೂಲ ಭಂಗಿಯಿಂದ ಎಷ್ಟು ವ್ಯತ್ಯಾಸವೋ ಅಷ್ಟನ್ನು.

ನಾನು ಎಡವಿದ್ದು ಇಲ್ಲೇ. ಲೇಯರುಗಳನ್ನು ಒಂದೊಂದಾಗಿ ಆರಿಸುತ್ತಾ, ಹಚ್ಚುತ್ತಾ ನೋಡಿದಾಗ ತಿಳಿಯಿತು. ಟಾಟಾ ಲೇಯರನ್ನು ಅಡಿಟಿವ್ ಮಾಡಿದ್ದೆ, ಅದರ ಮೂಲ ಭಂಗಿಯಲ್ಲಿ ಕೈ ಕೆಳಗೆ ಇಳಿಬಿದ್ದಿತ್ತು. ನಮ್ಮ ಹುಡುಗನ ಕೈ ಆಗಲೇ ಮಡಚಿ ಬ್ಯಾಗಿನ ಪಟ್ಟಿ ಹಿಡಿದಿತ್ತು. ಮಡಚಿದ ಮೊಣಕೈಗೆ ಇನ್ನೊಂದು ಮಡಚು ಕೂಡಿದರೆ ತಲೆಯೊಳಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಬಲಭುಜದಿಂದ ಕೆಳಗೆ ಮಾಸ್ಕ್ ಹಾಕಿ ಓವರ್‌ರೈಡ್ ಮಾಡಿದೆ. ಆಗ ಕೈ ಬ್ಯಾಗಿನ ಪಟ್ಟಿಯನ್ನು ಸೀಳಿಕೊಂಡು ಮೇಲೇರಿತು. ಪರ್ಲಿನ್ ಹೇಳಿದ ಹಾಗೆ ಮಧ್ಯೆ ಒಮ್ಮೆ ಕೈ ಪಕ್ಕಕ್ಕೆ ಇಳಿಸಿದೆ.

ಭಾನುವಾರ ರಾತ್ರಿ ಹತ್ತೂವರೆಗೆ ಹುಡುಗ ನೆಟ್ಟಗೆ ಟಾಟಾ ಮಾಡಿದ. ಅಕ್ಕನ ಮಗನಿಗೆ ಬೇಜಾರು, ಮೊದಲಿನದೇ ಚೆನ್ನಾಗಿತ್ತಂತೆ. ಈಗ ಎಡಗಾಲು ನೆಲದ ಮೇಲೆ ಚೂರು ಜಾರುತ್ತಿದೆ, ಅದು ಬೇರೆ ಲೇಯರಿನ ವಿಷಯ :-)