ಎಂಬತ್ತು ದಾಟಿದವರ ಆರೋಗ್ಯ: ಅಳತೆಗೋಲು ಬದಲಾದ ಬಗೆ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ತೀರ ವಯಸ್ಸಾದವರನ್ನು ಎಷ್ಟು ವರ್ಷವಾಯಿತೆಂದು ಕೇಳಿದರೆ ಇಸವಿ ಹೇಳುವವರು ಕಡಿಮೆ. ರಜಾಕಾರರ ಗದ್ದಲದಾಗ ದನ ಕಾಯುವಷ್ಟು ದೊಡ್ಡವನಿದ್ದೆ, ಕಾಲುವೆಗೆ ನೀರು ಬಂದ ವರ್ಷ ಲಗ್ನವಾಯಿತು ಎಂಬಂಥ ಲೆಕ್ಕ ಸಿಗುತ್ತದೆ. ಆಧಾರ್ ಕಾರ್ಡಿನಲ್ಲಿ ಹಲವರ ಹುಟ್ಟಿದ ದಿನ ಜನವರಿ 1. ಇದೇ ತೊಡಕು ಬೇರೆಡೆಯೂ ಎದುರಾಗಿತ್ತು. ಈಕ್ವೆಡಾರ್‌ನ ವಿಲ್ಕಬಾಂಬದಲ್ಲಿ ನೂರು ದಾಟಿದವರು ತುಂಬಿದ್ದಾರೆಂಬ ಖ್ಯಾತಿ 1970ರ ದಶಕದ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಕ್ರಮೇಣ ಸಂಶೋಧಕರು ಕೇಳುವ ಪ್ರಶ್ನೆಯೇ ಬದಲಾಯಿತು. ಎಷ್ಟು ವರ್ಷ ಬದುಕಿದರು ಎಂಬಲ್ಲಿಂದ ಏನು ಕಾಯಿಲೆ, ಮುಂದೆ ಏನೇನು ಮಾಡಿಕೊಳ್ಳಬಲ್ಲರು, ಕೊನೆಗೆ ಬದುಕು ಅವರಿಗೇ ಹೇಗನಿಸುತ್ತದೆ ಎಂಬಲ್ಲಿಗೆ ಬಂತು.

ವೃದ್ಧರ ವೈದ್ಯಕ್ಕೆ 1909ರಲ್ಲಿ 'ಜೆರಿಯಾಟ್ರಿಕ್ಸ್' ಎಂದು ಹೆಸರಿಟ್ಟವರು ಇಗ್ನಾಟ್ಸ್ ನಾಶರ್. ಲಂಡನ್ನಿನ ವೈದ್ಯೆ ಮಾರ್ಜರಿ ವಾರನ್ 1930ರ ದಶಕದಿಂದ, ಹಾಸಿಗೆ ಹಿಡಿದವರೆಂದು ಕೈಬಿಟ್ಟಿದ್ದ ಮುದುಕರನ್ನು ಎಬ್ಬಿಸಿ ನಡೆಸಿದರು. ಅವರಲ್ಲಿ ಅನೇಕರು ಮನೆಗೂ ಮರಳಿದರು. 1963ರಲ್ಲಿ ಸಿಡ್ನಿ ಕ್ಯಾಟ್ಜ್ ಆರು ಪ್ರಶ್ನೆಗಳ ಸೂಚಿ ತಂದರು: ಸ್ನಾನ, ಬಟ್ಟೆ, ಶೌಚ, ಎದ್ದು ಓಡಾಟ, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಫೋನು, ಅಡುಗೆ, ಹಣಕಾಸು, ಔಷಧಿಗಳನ್ನು ಸೇರಿಸಿದರು.

ಆಯುಷ್ಯ ಹೆಚ್ಚಿದಂತೆ ವಾದವೊಂದು ಎದ್ದಿತು. ವೈದ್ಯದ ಗೆಲುವು ನರಳಾಟದ ವರ್ಷಗಳನ್ನೇ ಹೆಚ್ಚಿಸುತ್ತಿದೆ ಎಂದು ಅರ್ನೆಸ್ಟ್ ಗ್ರೂನ್‌ಬರ್ಗ್ 1977ರಲ್ಲಿ ಎಚ್ಚರಿಸಿದರು. ಕಾಯಿಲೆಯ ಕಾಲವನ್ನು ಬದುಕಿನ ಕೊನೆಯ ತುದಿಗೆ ಒತ್ತರಿಸಬಹುದು ಎಂದು ಜೇಮ್ಸ್ ಫ್ರೈಸ್ 1980ರಲ್ಲಿ ಎದುರುತ್ತರ ಕೊಟ್ಟರು. 1905ರಲ್ಲಿ ಹುಟ್ಟಿದ ಡೆನ್ಮಾರ್ಕಿನವರನ್ನು 1998ರಿಂದ ಹಿಂಬಾಲಿಸಿದ ಅಧ್ಯಯನ ಇಬ್ಬರಿಗೂ ಪಾಠ ಹೇಳಿತು. ಸ್ವತಂತ್ರವಾಗಿದ್ದವರ ಪಾಲು 92ನೇ ವಯಸ್ಸಿನಲ್ಲಿ ಶೇ. 39, ನೂರರಲ್ಲಿ ಶೇ. 33. ಒಬ್ಬೊಬ್ಬರೂ ಕುಗ್ಗುತ್ತಾರೆ ನಿಜ, ಆದರೆ ತೀರ ಬಲಹೀನರು ಮೊದಲು ತೀರಿಕೊಳ್ಳುವುದರಿಂದ ಉಳಿದ ಗುಂಪಿನ ಸ್ಥಿತಿ ಅಷ್ಟಾಗಿ ಇಳಿಯುವುದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 2006ರಿಂದ ಪರೀಕ್ಷಿಸಿದ 85ರ ಹಿರಿಯರಲ್ಲಿ ಕಾಯಿಲೆಯೇ ಇಲ್ಲದವರು ಒಬ್ಬರೂ ಸಿಗಲಿಲ್ಲ. ಆದರೂ ನಾಲ್ವರಲ್ಲಿ ಮೂವರಿಗೂ ಹೆಚ್ಚು ಜನ ತಮ್ಮ ಆರೋಗ್ಯ ಚೆನ್ನಾಗಿದೆ ಎಂದರು. ಕಾಯಿಲೆಗಳ ಪಟ್ಟಿ ಬೇರೆ, ಬಾಳಿನ ಸಮಾಧಾನ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರ ಹೊತ್ತಿಗೆ ವೃದ್ಧರಿಗಾಗಿಯೇ ರೂಪಿಸಿದ ಪ್ರಶ್ನಾವಳಿಯಲ್ಲಿ ಸ್ವಂತ ನಿರ್ಧಾರ, ಜನರೊಡನೆ ಒಡನಾಟ, ಸಾವಿನ ಬಗೆಗಿನ ಭಾವನೆಗೂ ಜಾಗ ಸಿಕ್ಕಿತು.

ಭಾರತದಲ್ಲಿ ಈ ಅಳತೆಗಳನ್ನು ತಿದ್ದಬೇಕಾಯಿತು. 1975ರ ಮರೆವಿನ ಪರೀಕ್ಷೆಯೊಂದು ಓದು, ಬರಹ ಬಲ್ಲವರಿಗಷ್ಟೇ ಒಗ್ಗುವಂಥದ್ದು. ಹರಿಯಾಣದ ಬಲ್ಲಭಗಡದಲ್ಲಿ ನಿರಕ್ಷರಿಗಳಿಗೆ ಹೊಂದುವಂತೆ ಅದರ ಹಿಂದಿ ರೂಪ ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದರು. 2010ರಲ್ಲಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದ, ವೃದ್ಧಾಪ್ಯ ಕುರಿತ 'ಲಾಸಿ' ಸಮೀಕ್ಷೆ 2017–18ರಲ್ಲಿ ದೇಶವ್ಯಾಪಿಯಾಗಿ 60 ದಾಟಿದ 31 ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಿತು. ಕೋಲಾರದ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಗರನ್ನು ದೀರ್ಘಕಾಲ ಹಿಂಬಾಲಿಸುತ್ತಿದೆ. ಆದರೆ ಲಾಸಿಯ ಅಂಕಿಗಳು ರಾಜ್ಯದ ಮಟ್ಟದವು. ದೇವದುರ್ಗದ 85ರ ಅಜ್ಜಿ ಆ ಸರಾಸರಿಯಲ್ಲಿ ಕಾಣಿಸುವುದಿಲ್ಲ.

ಕಾಣಿಸಬೇಕಾದರೆ ಪ್ರಶ್ನೆಗಳೂ ಇಲ್ಲಿನವಾಗಬೇಕು. ಖಡಕ್ ಜೋಳದ ರೊಟ್ಟಿ ಅಗಿಯಲು ಬರುತ್ತದೋ, ಪುಂಡಿಪಲ್ಯದಲ್ಲಿ ನೆನೆಸಿ ನುಂಗಬೇಕೋ? ಬೆಳಗಿನ ಜಾವ ಬಯಲಿಗೆ ಯಾರೂ ಕೈಹಿಡಿಯದೆ ಹೋಗಿಬರಲು ಆಗುತ್ತದೋ? ಗುಡಿಕಟ್ಟೆಗೆ ಹೋಗಿ ಕೂಡ್ರುವುದು ನಿಂತು ಎಷ್ಟು ದಿನವಾಯಿತು? ಮಕ್ಕಳು, ಸೊಸೆಯಂದಿರು ಬೆಂಗಳೂರಿಗೋ ಪುಣೆಗೋ ಗುಳೆ ಹೋದ ತಿಂಗಳುಗಳಲ್ಲಿ ನೀರು ಹೊತ್ತು ತರುವವರು ಯಾರು? ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ, ವಯಸ್ಸಿಗೆ ಸಹಜವೆಂದು ತಳ್ಳಿಹಾಕುವ ಕೀಲುನೋವಿನ ಹಿಂದೆ ಕುಡಿಯುವ ನೀರೂ ಇರಬಹುದು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತ್ತು. ಆಮೇಲೆ ರಾಯಚೂರು ನಗರಕ್ಕೆ 2007ರಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು ಬಂತು. ಏಮ್ಸ್‌ಗಾಗಿ 2022ರಿಂದ ಧರಣಿ ನಡೆದಿದೆ, ಆ ಬೇಡಿಕೆ ನ್ಯಾಯವಾದದ್ದೇ. 70 ದಾಟಿದವರಿಗೆ 2024ರಲ್ಲಿ ಬಂದ ವಯ ವಂದನಾ ಕಾರ್ಡು ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಆದರೆ ಐವತ್ತು ಕಿಲೋಮೀಟರಿಗೂ ಆಚೆಯ ದೇವದುರ್ಗದಿಂದ ನಗರಕ್ಕೆ ಬಸ್ಸು ಹತ್ತಲಾಗದವರಿಗೆ ಆಸ್ಪತ್ರೆ ಎಷ್ಟು ದೊಡ್ಡದಾದರೂ ದೂರವೇ. 2010–11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವಾರದ ಕ್ಲಿನಿಕ್ಕೂ ಇದೆ, ಮನೆಭೇಟಿಯೂ ಇದೆ.

ಮನೆಭೇಟಿ ಅಸಾಧ್ಯವಲ್ಲ ಎಂಬುದನ್ನು ಚುನಾವಣೆ ತೋರಿಸಿಕೊಟ್ಟಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಲ್ಲಿ ಬಯಸಿದವರ ಮನೆಗೇ ಮತಪತ್ರ ಹೊತ್ತು ಸಿಬ್ಬಂದಿ ಹೋದರು. 2024ರಲ್ಲಿ ಆ ಮಿತಿ 85ಕ್ಕೇರಿತು. ಹೀಗೆ ಊರೂರಿನ ಅತಿ ವೃದ್ಧರ ಪಟ್ಟಿ ಆಡಳಿತದ ಕೈಯಲ್ಲೇ ಇದೆ. ಬಿಪಿ, ಶುಗರ್ ನೋಡುವುದರ ಜೊತೆಗೆ ರೊಟ್ಟಿ, ಬಯಲು, ಕಟ್ಟೆಯ ಪ್ರಶ್ನೆಗಳನ್ನೂ ಕೇಳಿ ಬರೆದುಕೊಳ್ಳುವ ಆರೋಗ್ಯ ಕಾರ್ಯಕರ್ತೆಯನ್ನು ಅದೇ ಪಟ್ಟಿ ಹಿಡಿದು ಕಳಿಸಿದರೆ, ಶತಮಾನ ತೆಗೆದುಕೊಂಡು ಜಗತ್ತು ಕಲಿತ ಪಾಠ ಈ ಜಿಲ್ಲೆಗೆ ಉಪಯೋಗಕ್ಕೆ ಬಂದೀತು.